ನಾವಡರ ಸ್ವರ ಸಪೂರ ಆದದ್ದು ಹೇಗೆ? ಒಂದು ಕ್ಯಾಸೆಟ್ ಪಾಠ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಐವತ್ತು ದಾಟಿದ ಯಾರ ಹತ್ರ ಬೇಕಾದರೂ ಅವರ ಪ್ರಾಯಕಾಲದ ಕ್ಯಾಸೆಟ್ಟುಗಳ ಬಗ್ಗೆ ಕೇಳಿ ನೋಡಿ. ರಾಜ್‌ಕುಮಾರ್, ಎಸ್‌ಪಿಬಿ ಹೆಸರು ಬಂದೇ ಬರ್ತದೆ. ಇನ್ನೂ ಸ್ವಲ್ಪ ಹೊತ್ತು ಕೂತರೆ ಮಾತು ಗುಂಡ್ಮಿ ಕಾಳಿಂಗ ನಾವಡರ ಕಡೆಗೆ ತಿರುಗ್ತದೆ, ಆಮೇಲೆ ಅಲ್ಲೇ ನಿಲ್ತದೆ. ಇಂಗ್ಲೆಂಡಿನಲ್ಲಿ ಒಂದು ತಲೆಮಾರಿಗೆ 1995ರ ಓಯಾಸಿಸ್ ಆಲ್ಬಂ ಹೇಗೋ, ನಮ್ಮೂರಿನ ಅಪ್ಪಯ್ಯ, ಮಾವ, ದೊಡ್ಡಪ್ಪಂದಿರಿಗೆ ನಾವಡರ ಪದ್ಯಗಳು ಹಾಗೆ.

ಹೊರ ಜಿಲ್ಲೆಗಳಿಂದ ಬಂದು ಹಾಸ್ಟೆಲಿನಲ್ಲಿರುವ ಗೆಳೆಯರಿಗಾಗಿ ಎರಡು ಮಾತು. ನಾವಡರು ಬಡಗುತಿಟ್ಟು ಯಕ್ಷಗಾನದ ಭಾಗವತರು. ಹುಟ್ಟಿದ್ದು 1958ರಲ್ಲಿ. ಊರು ಸಾಲಿಗ್ರಾಮದ ಹತ್ತಿರದ ಗುಂಡ್ಮಿ, ಅಂದರೆ ಈಗಿನ ಬ್ರಹ್ಮಾವರ ತಾಲೂಕು. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಕಲಿತದ್ದು ಹಳೇ ಕ್ರಮದ ದೊಡ್ಡ ಭಾಗವತರಾದ ನಾರ್ಣಪ್ಪ ಉಪ್ಪೂರರ ಹತ್ತಿರ. ಮುಂದೆ ಸಾಲಿಗ್ರಾಮ ಮೇಳದಲ್ಲಿ ಅವರು ಕೂತ ಕಾಲವನ್ನು ನಮ್ಮ ಹಿರಿಯರು ಇವತ್ತಿಗೂ 'ನಾವಡ್ರ ಕಾಲ' ಅಂತಲೇ ಕರೆಯುತ್ತಾರೆ. ಡೇರೆ ಮೇಳ, ಟಿಕೆಟ್ ಆಟ. ವೇಷಕ್ಕಿಂತ ಹೆಚ್ಚಾಗಿ ಭಾಗವತಿಕೆ ಕೇಳಲಿಕ್ಕೆಂದೇ ಜನ ದುಡ್ಡು ಕೊಟ್ಟು ಒಳಗೆ ಹೋದರು. ಯಕ್ಷಗಾನಕ್ಕೆ ಹೊಸ ರಾಗಗಳನ್ನು ತಂದರು, 'ನಾಗಶ್ರೀ'ಯಂಥ ಪ್ರಸಂಗಗಳನ್ನು ಸ್ವತಃ ಬರೆದರು. ಬೈದವರೂ ಇದ್ದರು, ಸಂಪ್ರದಾಯ ಕೆಡ್ತು ಅಂದವರ ಮಾತು ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತರ ಆಸುಪಾಸು, ನಮ್ಮ ಕಾಲೇಜಿನ ಕಿರಿಯ ಲೆಕ್ಚರರ್‌ಗಳ ವಯಸ್ಸು ಅನ್ನಿ.

ನಮ್ಮಲ್ಲಿ ಯಾರೂ ಅವರನ್ನು ಕಂಡವರಲ್ಲ. ನಾವೆಲ್ಲ ಹುಟ್ಟುವ ಹೊತ್ತಿಗೆ ಅವರು ಹೋಗಿ ವರ್ಷಗಳೇ ಆಗಿದ್ದವು. ನಮಗೆ ಸಿಕ್ಕಿದ್ದು ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಫೈಲುಗಳು. ಅವನ್ನು ಕ್ಲಬ್ಬಿನಲ್ಲಿ ಹಾಕಿ ಕೇಳ್ತಾ ಇದ್ದಾಗ, ಕೋಟದಿಂದ ಬಂದಿದ್ದ ಗೆಳತಿಯ ಅಪ್ಪಯ್ಯ ಒಂದು ಮಾತು ಹೇಳಿದರು: "ಪದ್ಯ ಅದೇ, ಆರೆ ನಾವಡ್ರ್ ಸ್ವರ ಇಷ್ಟ್ ಸಪೂರ ಇರ್ಲಿಲ್ಲ ಮಾರಾಯ." ವಯಸ್ಸಾದವರಿಗೆ ಹಳೇದೆಲ್ಲ ದೊಡ್ಡದಾಗಿಯೇ ಕಾಣ್ತದೆ ಅಂತ ನಗಾಡಿ ಬಿಡಬಹುದಿತ್ತು. ಆದರೆ ಈ ದೂರು ಲ್ಯಾಬಿನಲ್ಲಿ ಅಳೆಯಬಹುದಾದ ದೂರು. ಈ ಪಾಠ ಅದರ ಬಗ್ಗೆಯೇ.

ಮೊದಲು ಕ್ಯಾಸೆಟ್ಟಿನ ಒಳಗೆ ಏನಿದೆ ನೋಡುವ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಡಬ್ಬಿ ಇದು. 3.81 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಪಟ್ಟಿ ಹೆಡ್ಡಿನ ಎದುರು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಹೋಗಬೇಕು. ಇಡೀ ಪಾಠದ ಬೇರು ಈ 4.76ರಲ್ಲಿ ಇದೆ. ಒಂದು ಮಗ್ಗುಲು 45 ನಿಮಿಷದ 'ತೊಂಬತ್ತರ' ಕ್ಯಾಸೆಟ್ಟಿನಲ್ಲಿ ಸುಮಾರು 129 ಮೀಟರ್ ಪಟ್ಟಿ ಇರ್ತದೆ. ಅಷ್ಟು ಉದ್ದದ್ದು ಅದೇ ಡಬ್ಬಿಯಲ್ಲಿ ಹಿಡಿಯಬೇಕಾದರೆ ತೆಳ್ಳಗೆ ಮಾಡಲೇಬೇಕು. ಅರವತ್ತರದ್ದು 18 ಮೈಕ್ರಾನ್ ದಪ್ಪ ಇದ್ದರೆ ತೊಂಬತ್ತರದ್ದು 12. ತೆಳು ಪಟ್ಟಿ ಬೇಗ ಎಳೆದುಹೋಗ್ತದೆ. ಸುರುಳಿಯಲ್ಲಿ ಪಕ್ಕಪಕ್ಕದ ಸುತ್ತುಗಳ ಕಾಂತ ಒಂದಕ್ಕೊಂದು ಅಚ್ಚು ಹತ್ತುವುದೂ ಅದರಲ್ಲೇ ಜಾಸ್ತಿ. ಪದ್ಯ ಶುರುವಾಗುವ ಒಂದೆರಡು ಸೆಕೆಂಡ್ ಮೊದಲೇ ಅದೇ ಪದ್ಯ ದೂರದಲ್ಲಿ ಪಿಸುಗುಟ್ಟಿದ ಹಾಗೆ ಕೇಳಿದ್ದರೆ, ಅದು ಭೂತ ಅಲ್ಲ, ಇದು.

ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗ್ಗಿನವರೆಗೆ ನಡೆಯುವ ಆಟವನ್ನು ಪೂರ್ತಿ ಹಿಡಿಯಲು ತೊಂಬತ್ತರ ಆರು ಕ್ಯಾಸೆಟ್ ಬೇಕು. ಪ್ರತಿ 45 ನಿಮಿಷಕ್ಕೆ ಎದ್ದು ತಿರುಗಿಸಿ ಹಾಕುವವ ಒಬ್ಬ ಬೇಕು. ಅವನಿಗೆ ಎಚ್ಚರವೂ ಇರಬೇಕು. ಹಾಗಾಗಿ ಆಟದಲ್ಲಿ ಹಿಡಿದ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಪದ್ಯ ನಡುವಿನಲ್ಲಿ ಕಡಿದುಹೋಗಿದೆ. ದೀಪಾವಳಿಯ ನಂತರ ಹೊರಡುವ ಮೇಳಗಳ ತಿರುಗಾಟ ಮಳೆಗಾಲಕ್ಕೆ ಮೊದಲು ಮುಗೀತದೆ. ಮಳೆಯ ಆ ತಿಂಗಳುಗಳು ಕ್ಯಾಸೆಟ್ಟಿನ ತಿಂಗಳುಗಳು. ಅಂಗಡಿಯಲ್ಲಿ ಮಾರಾಟಕ್ಕೆ ಬಂದವು, ಯಾರೋ ಆಟದಲ್ಲಿ ಹಿಡಿದವು, ಎರಡು ಬಾಗಿಲಿನ ಟೇಪ್‌ರೆಕಾರ್ಡರಿನಲ್ಲಿ ಒಂದರಿಂದ ಒಂದಕ್ಕೆ ನಕಲು ಮಾಡಿದವು. ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೆ ಕೆಲಸಕ್ಕೆ ಹೋದ ನಮ್ಮೂರ ಹುಡುಗರ ಚೀಲದಲ್ಲೂ ಇವೇ ಇದ್ದವು. ಆ ಹುಡುಗರೇ ಈಗ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದೇ ಪದ್ಯ ಹುಡುಕುವವರು.

ಈಗ ಆ ಅಪ್ಪಯ್ಯನ ದೂರಿಗೆ ಬರುವ. ರೆಕಾರ್ಡ್ ಮಾಡಿದ ಸೆಟ್ಟಿನಲ್ಲಿ ಸೆಲ್ ಇಳಿದು ಮೋಟಾರು ನಿಧಾನವಾಗಿ ತಿರುಗಿತ್ತು ಅಂತಿಟ್ಟುಕೊಳ್ಳಿ. ಅದನ್ನು ಸರಿಯಾದ ವೇಗದ ಸೆಟ್ಟಿನಲ್ಲಿ ಹಾಕಿದರೆ ಎಲ್ಲವೂ ಬೇಗ ಓಡ್ತದೆ. ವೇಗ 6 ಶೇಕಡ ಹೆಚ್ಚಾದರೆ ಪ್ರತಿಯೊಂದು ಫ್ರೀಕ್ವೆನ್ಸಿಯೂ 1.06 ಪಟ್ಟು ಆಗ್ತದೆ. ಹಾರ್ಮೋನಿಯಂನಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ 2ರ ಹನ್ನೆರಡನೇ ಮೂಲ, ಅಂದರೆ 1.0595. ಹಾಗಾಗಿ ಬಿಳಿ ನಾಲ್ಕರಲ್ಲಿ ಹೇಳಿದ ಪದ್ಯ ಕಪ್ಪು ಮೂರರಲ್ಲಿ ಕೇಳ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರಿದ ಕಾರಣ ಸ್ವರ-ಸ್ವರಗಳ ನಡುವಿನ ಅಂತರ ಹಾಗೇ ಉಳೀತದೆ. ರಾಗ ಕೆಡುವುದಿಲ್ಲ. ಅದಕ್ಕೇ ಬಹಳ ಜನಕ್ಕೆ ಸಂಶಯವೇ ಬರುವುದಿಲ್ಲ. ಕೆಡುವುದು ಮೂರು: ಶ್ರುತಿ, ಲಯದ ಓಟ, ಕಂಠದ ಬಣ್ಣ. ಮೂರನೆಯದ್ದು ನಮ್ಮ ಪಾಠಕ್ಕೆ ಮುಖ್ಯ. ಒಬ್ಬ ಮನುಷ್ಯ ತಾನಾಗಿ ಏರು ಶ್ರುತಿಯಲ್ಲಿ ಹಾಡಿದರೆ ಅವನ ಗಂಟಲು, ಬಾಯಿಯ ಪೊಳ್ಳಿನ ಅನುರಣನ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಯಾಕಂದ್ರೆ ಗಂಟಲಿನ ಗಾತ್ರ ಅದೇ. ಟೇಪ್ ಓಡಿದಾಗ ಅನುರಣನವೂ ಏರ್ತದೆ. ಕಿವಿಗೆ ಅದು ಚಿಕ್ಕ ಗಂಟಲಿನ, ಚಿಕ್ಕ ಪ್ರಾಯದ ಮನುಷ್ಯನ ಹಾಗೆ ಕೇಳ್ತದೆ. ನಮ್ಮ ಭಾಷೆಯಲ್ಲಿ ಸಪೂರ! ಆ ಅಪ್ಪಯ್ಯ ಫಾರ್ಮೆಂಟ್ ಎಂಬ ಶಬ್ದ ಕೇಳಿರಲಿಕ್ಕಿಲ್ಲ, ಆದರೆ ಹೇಳಿದ್ದು ಅದನ್ನೇ.

ಇದರಿಂದ ಯಾರಿಗೆ ನಷ್ಟ ಅಂತ ಕೇಳಬಹುದು. ಇವತ್ತು ಭಾಗವತಿಕೆ ಕಲಿಯುವ ಹುಡುಗರು ನಾವಡರನ್ನು ಕೇಳುವುದು ಈ ಫೈಲುಗಳಿಂದಲೇ. ಓಡುವ ಫೈಲನ್ನು ನಾವಡರೆಂದು ನಂಬಿ, ಅವರು ಹೇಳದ ಶ್ರುತಿಗೆ ಗಂಟಲು ಹರಿದುಕೊಂಡರೆ? ಅವರು ಹಾಕದ ವೇಗವನ್ನು ಅವರ ಲಯ ಅಂತ ಕಲಿತರೆ? ಹೊಸ ರಾಗ ತಂದರು, ಕೆಡಿಸಿದರು, ಬೆಳೆಸಿದರು ಎಂಬ ಜಗಳ ಇನ್ನೂ ನಡೀತಾ ಇದೆ. ಅದಕ್ಕೂ ಸಾಕ್ಷಿ ಇವೇ ಫೈಲುಗಳು. ಸಾಕ್ಷಿಯೇ ಸರಿ ಇಲ್ಲದಿದ್ದರೆ ವಾದ ಯಾವುದರ ಮೇಲೆ?

ಅಳೆಯುವುದು ಹೇಗೆ? ಸಿಗ್ನಲ್ಸ್ ಪೇಪರ್ ಬರೆದ ಎಲ್ಲರಿಗೂ ಆಗುವ ಕೆಲಸ ಇದು. ಕರೆಂಟಿನಲ್ಲಿ ಓಡುವ ಆಂಪ್ಲಿಫೈಯರ್, ರೆಕಾರ್ಡರ್ ಎಲ್ಲ 'ಗುಂಯ್' ಅನ್ನುತ್ತವೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ರೆಕ್ಟಿಫೈಯರ್ ದಾಟಿ ಬಂದದ್ದು 100, ಅದರ ಗುಣಕಗಳು 200, 300. ರೆಕಾರ್ಡ್ ಆಗುವಾಗ ಈ ಗುಂಯ್ ಪದ್ಯದ ಜೊತೆಗೇ ಪಟ್ಟಿಗೆ ಹತ್ತಿರ್ತದೆ. ಪದ್ಯ ಓಡಿದರೆ ಅದೂ ಓಡ್ತದೆ. ಆಡಾಸಿಟಿಯಲ್ಲಿ ಫೈಲ್ ತೆರೆದು, ಪದ್ಯ ಇಲ್ಲದ ತುಣುಕು ಆರಿಸಿ ಸ್ಪೆಕ್ಟ್ರಮ್ ನೋಡಿ. 44,100 ಸ್ಯಾಂಪಲ್ ದರಕ್ಕೆ 65,536ರ ಎಫ್‌ಎಫ್‌ಟಿ ಹಾಕಿದರೆ ಒಂದು ಬಿನ್ 0.67 ಹರ್ಟ್ಸ್. 50ರ ಹತ್ತಿರ ಇದು ಶೇಕಡ 1.3ರಷ್ಟು ಒರಟು ಅಳತೆ, 300ರ ಹತ್ತಿರ 0.2. ಹಾಗಾಗಿ ಮೇಲಿನ ಗುಣಕವನ್ನೇ ಹಿಡಿಯಿರಿ. ಸರಿಯಾಗಿ 100ರಲ್ಲಿ ಒಂದು ಶಿಖರ, 105ರಲ್ಲಿ ಇನ್ನೊಂದು ಕಂಡರೆ ಗಾಬರಿ ಬೇಡ. 100ರದ್ದು ಈಗ ಫೈಲ್ ಮಾಡಿದ ಸೆಟ್ಟಿನದ್ದು, 105ರದ್ದು ಪಟ್ಟಿಯ ಒಳಗಿನದ್ದು.

ಇಷ್ಟಕ್ಕೇ 5 ಶೇಕಡ ಅಂತ ತೀರ್ಪು ಕೊಡುವ ಹಾಗಿಲ್ಲ. ಇಂದು ಗ್ರಿಡ್ಡನ್ನು 49.90ರಿಂದ 50.05 ಹರ್ಟ್ಸ್ ಒಳಗೆ ಇಡಬೇಕೆಂಬ ನಿಯಮ ಇದೆ. 1980ರ ದಶಕದಲ್ಲಿ ಅದು 50ರಿಂದ ಸಾಕಷ್ಟು ಕೆಳಗೆ ಇಳೀತಿತ್ತು. ಜನರೇಟರ್ ಮೇಲೆ ನಡೆದ ಆಟವಾದರೆ ಇನ್ನೂ ಕಷ್ಟ. ಅಲ್ಲಿಗೆ ಎರಡನೇ ಸಾಕ್ಷಿ ಬೇಕು, ಅದು ಹಿಮ್ಮೇಳದಲ್ಲೇ ಕೂತಿದೆ: ಶ್ರುತಿಗೆ ಹಿಡಿದ ಹಾರ್ಮೋನಿಯಂ. ಅದು ಕೀಯಿಂದ ಕೀಗೆ ಹಾರುವುದೇ ಹೊರತು ನಡುವೆ ನಿಲ್ಲುವುದಿಲ್ಲ.

ಒಂದು ಲೆಕ್ಕ ಮಾಡುವ. ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ನಾವಡರ ಶ್ರುತಿ ಇಂತಿಷ್ಟೇ ಅಂತ ಹೇಳಲು ಅಲ್ಲ. ಫೈಲಿನಲ್ಲಿ ಗುಂಯ್ 105 ಹರ್ಟ್ಸ್, ಶ್ರುತಿ 373 ಹರ್ಟ್ಸ್. ಆವತ್ತಿನ ಕರೆಂಟು 48.5ರಿಂದ 50ರ ಒಳಗೆ ಇತ್ತು ಅಂದುಕೊಂಡರೆ ಫೈಲು 1.05ರಿಂದ 1.082 ಪಟ್ಟು ಓಡ್ತಾ ಇದೆ. ಅಂದರೆ ನಿಜವಾದ ಶ್ರುತಿ 345ರಿಂದ 355ರ ಒಳಗೆ. ಆ ಜಾಗದಲ್ಲಿ ಹಾರ್ಮೋನಿಯಂನ ಒಂದೇ ಕೀ ಇದೆ, ಬಿಳಿ ನಾಲ್ಕು, 349 ಹರ್ಟ್ಸ್. 373ನ್ನು 349ರಿಂದ ಭಾಗಿಸಿದರೆ ಸುಮಾರು 1.07. ಐದು ನಿಮಿಷದ ಪದ್ಯ 4 ನಿಮಿಷ 41 ಸೆಕೆಂಡಿಗೆ ಮುಗಿದುಹೋಗಿದೆ! ಎರಡೂ ಒರಟು ಅಳತೆಗಳೇ, ಸೇರಿಸಿದರೆ ಸಾಕಷ್ಟು ನಿಖರ ಉತ್ತರ. ಕೆಲವು ಹಳೇ ಹಾರ್ಮೋನಿಯಂಗಳ ಶ್ರುತಿಯೇ ಸ್ವಲ್ಪ ಆಚೀಚೆ ಇರ್ತದೆ. ಹಾಗಾಗಿ ಒಂದೇ ಆಟದ ಎರಡು ಮೂರು ಕ್ಯಾಸೆಟ್ ಸಿಕ್ಕಿದರೆ ತಾಳೆ ನೋಡಿ.

ಸರಿ ಮಾಡುವಾಗ ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ 'ಚೇಂಜ್ ಸ್ಪೀಡ್' ಬಳಸಿ. ಬರೀ ಪಿಚ್ ಅಥವಾ ಬರೀ ಟೆಂಪೋ ಬದಲಿಸಿದರೆ ಹೊಸ ತಪ್ಪು ಸೇರ್ತದೆ. ಸೆಲ್ ಇಳೀತಾ ಇಳೀತಾ ರೆಕಾರ್ಡ್ ಆದದ್ದಾದರೆ ವೇಗವೂ ಉದ್ದಕ್ಕೂ ಬದಲಾಗ್ತಾ ಇರ್ತದೆ. ಆಗ ತುಂಡು ತುಂಡಾಗಿ ಅಳೆಯಬೇಕು. ಸೆಲ್ಲಿನ ಸೆಟ್ಟಿಗೆ ತನ್ನದೇ ಗುಂಯ್ ಇಲ್ಲದಿದ್ದರೂ, ಡೇರೆಯ ಮೈಕ್‌ಸೆಟ್ಟಿನದ್ದು ಕೆಲವೊಮ್ಮೆ ಸಿಗ್ತದೆ.

ಇದೆಲ್ಲಕ್ಕೂ ಮೊದಲು ಕ್ಯಾಸೆಟ್ ಬದುಕಿರಬೇಕಲ್ಲ. ಓಯಾಸಿಸ್ ಆಲ್ಬಂ 2014ರಲ್ಲಿ ರಿಮಾಸ್ಟರ್ ಆಗಿ ಮತ್ತೆ ಬಂತು, ಅವರಿಗೆ ಸ್ಟುಡಿಯೋದ ಮೂಲ ಇತ್ತು. ಆಟದಲ್ಲಿ ಹಿಡಿದ ರೆಕಾರ್ಡಿಂಗಿಗೆ ಯಾವ ಸ್ಟುಡಿಯೋ? ಬೈಂದೂರಿನ ಯಾವುದೋ ಮನೆಯ ಅಟ್ಟದಲ್ಲಿ ಬಿಸ್ಕೆಟ್ ಡಬ್ಬಿಯೊಳಗೆ ಇರುವುದೇ ಮೂಲ. ಮೂವತ್ತೈದು ಮಳೆಗಾಲ ಕಂಡ ಡಬ್ಬಿ. ಪಟ್ಟಿಯ ಮೇಲೆ ಬಿಳಿ ಬೂಸ್ಟು ಕಂಡರೆ ಸೆಟ್ಟಿಗೆ ಹಾಕಲೇಬೇಡಿ. ಅದು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟ್ತದೆ. ಚೆನ್ನಾಗಿದ್ದದ್ದನ್ನೂ ಮೊದಲು ಪೆನ್ಸಿಲ್ ತೂರಿಸಿ ಕೈಯಲ್ಲೇ ಸ್ವಲ್ಪ ತಿರುಗಿಸಿ, ಸಲೀಸಾಗಿ ಸುತ್ತುತ್ತದಾ ನೋಡಿ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಅದರ ಓರೆಯನ್ನು ಬದಲಿಸ್ತದೆ. ರೆಕಾರ್ಡ್ ಮಾಡಿದ ಹೆಡ್ಡಿನ ಓರೆಗೂ ನಿಮ್ಮದಕ್ಕೂ ಹೊಂದದಿದ್ದರೆ ಮೇಲಿನ ಫ್ರೀಕ್ವೆನ್ಸಿಗಳೆಲ್ಲ ಮಂಕು. ಭಾಗವತರ ಕೈತಾಳದ ಸದ್ದು ಅತಿ ಚುರುಕಾಗಿ ಕೇಳುವಲ್ಲಿ ಸ್ಕ್ರೂ ನಿಲ್ಲಿಸಿ. ಇದಕ್ಕೆ ತಾಳಕ್ಕಿಂತ ಒಳ್ಳೆ ಟೆಸ್ಟ್ ಸಿಗ್ನಲ್ ನಮಗಂತೂ ಸಿಕ್ಕಿಲ್ಲ.

ಡಬ್ಲ್ಯುಎವಿ ಫೈಲಾಗಿ, 24 ಬಿಟ್‌ನಲ್ಲಿ ಉಳಿಸಿ. ಎಂಪಿ3 ಹಂಚಲಿಕ್ಕೆ ಸಾಕು, ಇಡಲಿಕ್ಕೆ ಸಾಲದು. ಮೂಲ ಫೈಲಿಗೆ ನಾಯ್ಸ್ ರಿಡಕ್ಷನ್ ಬೇಡವೇ ಬೇಡ. ಆ 'ಗುಂಯ್' ಅಳಿಸಿದರೆ ವೇಗ ಅಳೆಯುವ ಕೋಲನ್ನೇ ಮುರಿದ ಹಾಗೆ. ಮೊಬೈಲಿನಲ್ಲಿ ಓಡಾಡುವ ಚಂದ ಮಾಡಿದ ಫೈಲುಗಳು ಬಹಳಷ್ಟು ಇಂಥವೇ. ಕೇಳಲಿಕ್ಕೆ ಸುಖ, ಅಳೆಯಲಿಕ್ಕೆ ಏನೂ ಉಳಿದಿಲ್ಲ.

ಫೈಲಿನ ಜೊತೆಗೆ ಒಂದು ಚೀಟಿ ಬೇಕು: ಯಾವ ಊರಿನ ಆಟ, ಯಾವ ವರ್ಷ, ಯಾವ ಪ್ರಸಂಗ, ಮದ್ದಳೆಗೆ ಯಾರು, ಚಂಡೆಗೆ ಯಾರು. ಇದನ್ನು ಯಾವ ಸಾಫ್ಟ್‌ವೇರೂ ಹೇಳುವುದಿಲ್ಲ. ಕ್ಯಾಸೆಟ್ ಹಿಡಿದವರ ಪಕ್ಕ ಕೂತು, ಚಾ ಕುಡಿದು, ಕೇಳಿ ಬರೆದುಕೊಳ್ಳಬೇಕು. ನಾವಡರನ್ನು ಎದುರಿಗೆ ಕೂತು ಕೇಳಿದವರಲ್ಲಿ ಈಗ ಅತಿ ಕಿರಿಯರಿಗೂ ನಲವತ್ತು ದಾಟಿದೆ. ವೇಗ ಸರಿ ಮಾಡಿದ ಪ್ರತಿಯನ್ನು ಅವರಿಗೆ ಕೇಳಿಸಿ, ಮೂಲವನ್ನೂ ಕೇಳಿಸಿ, ಯಾವುದು ಯಾವುದು ಅಂತ ಹೇಳದೆ. ನಮ್ಮ ಲೆಕ್ಕ ಅವರ ಕಿವಿಗೆ ತಾಳೆ ಬೀಳದಿದ್ದರೆ ಲೆಕ್ಕವನ್ನು ಇನ್ನೊಮ್ಮೆ ಮಾಡುವ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಸಿಕ್ಕಿದ್ದನ್ನು ಮನೆಯವರನ್ನು ಕೇಳಿಯೇ ತನ್ನಿ. ಅವರ ಒಪ್ಪಿಗೆ ಇಲ್ಲದೆ ಏನನ್ನೂ ನಾವು ಹೊರಗೆ ಹಾಕುವುದಿಲ್ಲ. ಕ್ಲಬ್ಬಿನಲ್ಲಿ ಎರಡು ಬಾಗಿಲಿನ ಹಳೇ ಸೆಟ್ ಒಂದು ರಿಪೇರಿಯಾಗಿ ಕೂತಿದೆ. ಬೆಲ್ಟ್ ಹೊಸದು, ಮೋಟಾರಿನ ವೇಗ ಅಳೆದು ಸರಿ ಮಾಡಿಟ್ಟಿದ್ದೇವೆ. ಶನಿವಾರ ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಬನ್ನಿ.