ಓದಮ್ಮ, ಆದರೆ ಗಲ್ಲಿಯನ್ನು ಬಿಡಬೇಡ

ಪ್ರಶ್ನೆ: ಬೆಂಗಳೂರಿನ ಜೋಗುಪಾಳ್ಯದ ಹುಡುಗಿ ನಾನು. ಈಗಷ್ಟೇ ಸೆಕೆಂಡ್ ಪಿಯುಸಿ ಮುಗಿಸಿದ್ದೇನೆ. ನಮ್ಮ ಗಲ್ಲಿಯಲ್ಲಿ ಒಬ್ಬರು ಅಕ್ಕ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರೆ, ಹೊರಗೆ ಬರುವುದಿಲ್ಲ. ಮನೆಯವರು ದೇವಸ್ಥಾನ, ದರ್ಗಾ ಎಲ್ಲ ಸುತ್ತಿಸಿ ಸೋತಿದ್ದಾರೆ. ಅವರನ್ನು ನೋಡಿಯೇ ನನಗೆ ಮಾನಸಿಕ ಆರೋಗ್ಯದ ಬಗ್ಗೆ ಓದಬೇಕೆನಿಸಿದ್ದು. ಆಟೊ ಓಡಿಸುವ ಅಪ್ಪ, ‘ಬಿ.ಕಾಂ. ಸೇರು, ಈ ಓದು ಓದಿದರೆ ಯಾರು ಮದುವೆಯಾಗುತ್ತಾರೆ’ ಅನ್ನುತ್ತಾರೆ. ಡಿಗ್ರಿ ಮುಗಿಸಿ ನಮ್ಮ ಏರಿಯಾದಲ್ಲೇ ಕೌನ್ಸೆಲಿಂಗ್ ಮಾಡಬಹುದಾ ಮೇಡಂ?

ಉತ್ತರ: ಓದಮ್ಮ, ಖಂಡಿತ ಓದು. ಆದರೆ ಬರೀ ಡಿಗ್ರಿ ಇಟ್ಟುಕೊಂಡು ಚಿಕಿತ್ಸೆ ಕೊಡಲು ಕೂರಬಾರದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಸ್ನಾತಕೋತ್ತರ ಓದು, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಎರಡೂ ಬೇಕು. ಇದನ್ನು ಮುಚ್ಚಿಟ್ಟು ಸೀಟು ಕೊಡುವವರು ಸಿಕ್ಕರೆ ನಂಬಬೇಡ.

ಹಾಗಾದರೆ ಡಿಗ್ರಿ ಯಾತಕ್ಕೆ? ನಿಮ್ಮ ಊರಿನದೇ ಕಥೆ ಕೇಳು. ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ತೆರೆದು, ಬನ್ನೇರುಘಟ್ಟದ ಹತ್ತಿರದ ಸಕಲವಾರದಲ್ಲಿ ಹಳ್ಳಿಗರ ನಡುವೆ ಕೆಲಸ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿ ತರಬೇತಿ ಕೊಟ್ಟರೆ, ಎಷ್ಟೋ ರೋಗಿಗಳನ್ನು ಊರಲ್ಲೇ ನೋಡಿಕೊಳ್ಳಬಹುದೆಂದು ಅಲ್ಲಿ ಗೊತ್ತಾಯಿತು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಿಡೀ ಅದನ್ನೇ ಮಾಡಿ ನೋಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಯಾರು ಮಂಕಾಗಿದ್ದಾರೆ, ಯಾರು ಮಾತ್ರೆ ಬಿಟ್ಟಿದ್ದಾರೆ, ಯಾವ ತಾಯಿ ನೋಡಿಕೊಂಡು ನೋಡಿಕೊಂಡು ಸುಸ್ತಾಗಿದ್ದಾಳೆ ಎಂಬುದು ಆಸ್ಪತ್ರೆಯ ಕುರ್ಚಿಯಲ್ಲಿ ಕೂತವರಿಗೆ ಕಾಣುವುದಿಲ್ಲ, ಬಾಗಿಲಿಗೆ ಹೋದವರಿಗೆ ಕಾಣುತ್ತದೆ. ಡಿಗ್ರಿಯಲ್ಲಿ ನೀನು ಕಲಿಯಬೇಕಾದದ್ದು ಈ ಕಣ್ಣು.

ಅದಕ್ಕೇ ನನ್ನ ಒಲವು ಸಮಾಜಕಾರ್ಯದ ಪದವಿ ಬಿ.ಎಸ್.ಡಬ್ಲ್ಯೂ. ಕಡೆಗೆ. ಪಾಠದ ಜೊತೆಗೆ ಫೀಲ್ಡ್‌ವರ್ಕ್ ಕಡ್ಡಾಯ, ಮುಂದೆ ಎಂ.ಎಸ್.ಡಬ್ಲ್ಯೂ., ಮನೋವೈದ್ಯಕೀಯ ಸಮಾಜಕಾರ್ಯದ ದಾರಿಯೂ ತೆರೆದಿರುತ್ತದೆ. ಸೈಕಾಲಜಿಯೇ ಬೇಕೆಂದರೆ ಬಿ.ಎ.ಯಲ್ಲಿ ಸಮಾಜಶಾಸ್ತ್ರವನ್ನೂ ಜೊತೆಗೆ ತೆಗೆದುಕೋ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಓದುತ್ತೇನೆಂದುಕೊಂಡಿದ್ದರೆ, 2025ರ ಜುಲೈ–ಆಗಸ್ಟ್ ಸಾಲಿನಿಂದ ಸೈಕಾಲಜಿಗೆ ಯುಜಿಸಿ ಅದನ್ನು ನಿಲ್ಲಿಸಿದೆ. ಯಾವುದನ್ನೇ ಓದು, ನಿನ್ನ ಹತ್ತಿರ ಇನ್ನೊಂದು ಬಲವಿದೆ: ನಿಮ್ಮ ಕಡೆ ಬೆಳೆದ ಮಕ್ಕಳಿಗೆ ಕನ್ನಡದ ಜೊತೆ ತಮಿಳೋ ತೆಲುಗೋ ಉರ್ದುವೋ ಕಿವಿಗೆ ಬಿದ್ದಿರುತ್ತದೆ. ಅದನ್ನು ಸಣ್ಣದೆನ್ನಬೇಡ. ಸಂಕಟವನ್ನು ಜನ ಮನೆಮಾತಿನಲ್ಲೇ ಹೇಳಿಕೊಳ್ಳುತ್ತಾರೆ.

ಅಪ್ಪನ ಜೊತೆ ಜಗಳ ಬೇಡ. ಮದುವೆಯ ಮಾತಿನ ಹಿಂದೆ ದುಡ್ಡಿನ ಚಿಂತೆಯೂ ಇರಬಹುದು. ಒಳ್ಳೆಯ ಕೆಲಸಕ್ಕೆ ಎಂ.ಎಸ್.ಡಬ್ಲ್ಯೂ. ಸೇರಿ ಐದು ವರ್ಷವಾದರೂ ಹಿಡಿಯುತ್ತದೆಂದು ನಿಜ ಹೇಳು, ಸ್ಕಾಲರ್‌ಶಿಪ್ ವಿಚಾರಿಸಿಕೊಂಡು ಹೋಗಿ ಹೇಳು. ಕಾಲೇಜಿಗೆ ಅರ್ಜಿ ತರಲು ಅವರ ಆಟೊದಲ್ಲೇ ಹೋಗಿ, ಓದಿದವರಿಗೆ ಎಲ್ಲೆಲ್ಲಿ ಕೆಲಸ ಸಿಕ್ಕಿದೆಯೆಂದು ಅವರೇ ಮೇಷ್ಟರನ್ನು ಕೇಳಲಿ.

ಇನ್ನು ಆ ಅಕ್ಕ. ನಿನ್ನ ಡಿಗ್ರಿ ಮುಗಿಯುವವರೆಗೆ ಅವರು ಕಾಯುವಂತಿಲ್ಲ. ನೀನಾಗಿ ಬುದ್ಧಿ ಹೇಳಲು, ಕಾಯಿಲೆಗೆ ಹೆಸರಿಡಲು ಹೋಗಬೇಡ. ಅವರ ಮನೆಯವರ ಹತ್ತಿರ ಕೂತು ಮಾತಾಡು. ದೇವರಿಗೆ ಹೋಗುವುದನ್ನು ಬಿಡಿ ಅನ್ನಬೇಡ, ಡಾಕ್ಟರನ್ನೂ ನೋಡೋಣ ಅನ್ನು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರು ಒಪ್ಪಿದರೆ ಮೊದಲ ಸಲ ಜೊತೆಗೆ ಹೋಗಿ ಬಾ. ಒಪ್ಪದಿದ್ದರೆ ನಂಬರ್ ಬರೆದುಕೊಟ್ಟು, ಮುಂದಿನ ವಾರ ಇನ್ನೊಮ್ಮೆ ಹೋಗಿ ಕೇಳು.