ರಾಜನ ತಲೆಯ ರೂಪಾಯಿ: ಸಂಗ್ರಹಿಸುವವರಿಗೂ ಬೆಲೆ ಕಟ್ಟುವವರಿಗೂ ಸೂತ್ರಗಳು

ಐದನೇ ಜಾರ್ಜ್ ದೊರೆಯ ಮುಖವಿರುವ 1918ರ ಬೆಳ್ಳಿ ರೂಪಾಯಿ ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿದೆ. ನೂರು ವರ್ಷ ಹಳೆಯದು, ಲಕ್ಷ ಬಾಳುತ್ತದೆ ಎಂದು ನಂಬಿ ಕಾಯುವವರಿದ್ದಾರೆ. ಹಳೇ ಬೆಳ್ಳಿಯೆಂದು ಕರಗಿಸಲು ಕೊಟ್ಟವರೂ ಇದ್ದಾರೆ. ಎರಡೂ ನಷ್ಟವೇ. ಸಂಗ್ರಹ ಶುರುಮಾಡುವವರಿಗೆ ಈ ನಾಣ್ಯಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ, ಏಕೆಂದರೆ ಇದರಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಕಲಿಯಬಹುದು.

1. ಮೊದಲು ತೂಗಿ, ಆಮೇಲೆ ಕನಸು ಕಾಣಿ. ಈ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ 12ಕ್ಕೆ 11 ಪಾಲು ಬೆಳ್ಳಿ, ಉಳಿದದ್ದು ಬೆರಕೆ. ಅಪ್ಪಟ ಬೆಳ್ಳಿ ಸುಮಾರು 10.69 ಗ್ರಾಂ. ಆ ದಿನದ ಬೆಳ್ಳಿ ದರವನ್ನು ಇದರಿಂದ ಗುಣಿಸಿ: ಗ್ರಾಮಿಗೆ 100 ರೂಪಾಯಿ ಎಂದು ಹಿಡಿದರೆ 1,069 ರೂಪಾಯಿ. ಸವೆದ ನಾಣ್ಯ ಅರ್ಧ ಗ್ರಾಂ ಕಡಿಮೆ ತೂಗಿದರೆ ಅಷ್ಟನ್ನು ಕಳೆಯಿರಿ. ಇದು ಅಡಿಪಾಯದ ಬೆಲೆ.

2. ಇಸವಿ ನೋಡಿ, ಆದರೆ ಹಳೆಯದಾದಷ್ಟೂ ದುಬಾರಿ ಎಂದುಕೊಳ್ಳಬೇಡಿ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಅದೇ ಇಸವಿ ಹಾಕಿ 1874ರವರೆಗೂ ಟಂಕಿಸಿದರು. ಹಾಗಾಗಿ ಅದು ಇಂದಿಗೂ ಧಾರಾಳ. 1918ರದ್ದಂತೂ ಮುಂಬಯಿ, ಕಲ್ಕತ್ತ ಎರಡು ಟಂಕಸಾಲೆಗಳಲ್ಲೂ ತಲಾ ಇಪ್ಪತ್ತು ಕೋಟಿಗೂ ಹೆಚ್ಚು ಹೊರಬಂತು. ಮೊದಲ ಮಹಾಯುದ್ಧದ ಆ ಕಾಲದಲ್ಲಿ ಜನ ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದ್ದರು, ಸರ್ಕಾರದ ಬಳಿ ಬೆಳ್ಳಿ ಇರಲಿಲ್ಲ. ಅಮೆರಿಕ 1918ರಲ್ಲಿ ಪಿಟ್ಮನ್ ಕಾಯ್ದೆ ತಂದು ತನ್ನ ಬೆಳ್ಳಿ ಡಾಲರುಗಳನ್ನು ಕೋಟಿಗಟ್ಟಲೆ ಕರಗಿಸಿ ಬ್ರಿಟನ್ನಿಗೆ ಮಾರಿತು. ಆ ಬೆಳ್ಳಿ ಭಾರತದ ರೂಪಾಯಿಯಾಯಿತು. ಅಗ್ಗದ ನಾಣ್ಯವೊಂದರ ಹಿಂದೆ ಇಷ್ಟು ದೊಡ್ಡ ಕಥೆ ಇದೆ ಎಂಬುದೇ ನನಗೆ ಇದರ ಮೇಲಿನ ಪ್ರೀತಿಗೆ ಕಾರಣ.

3. ಅಪರೂಪದ ಇಸವಿಗಳನ್ನು ಬಾಯಿಪಾಠ ಮಾಡಿ. 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು ನಾಣ್ಯ ವಾಪಸಾಯಿತು. ಮರುವರ್ಷ ಚಿತ್ರ ತಿದ್ದಿದರು. 1921, 1922ರಲ್ಲಿ ಟಂಕಿಸಿದ್ದು ತೀರ ಕಡಿಮೆ. ಆರನೇ ಜಾರ್ಜನ 1939ರದ್ದು ನಿಜಕ್ಕೂ ವಿರಳ. ಅದನ್ನು ತಜ್ಞರಿಗೆ ತೋರಿಸದೆ ಕೊಳ್ಳಲೇಬೇಡಿ.

4. 1940 ಒಂದು ಗಡಿ. ಅಲ್ಲಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರದ್ದು ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿ ಮಾರಿದರೆ ಯಾರಿಗೋ ಮೋಸವಾಗುತ್ತದೆ.

5. ಭೂತಗನ್ನಡಿ ಹಿಡಿದು ಹಿಂಬದಿ ನೋಡಿ. ನಡುವೆ ಪರ್ಷಿಯನ್ ಲಿಪಿಯ ಬರಹ, ಸುತ್ತ ಹೂಬಳ್ಳಿ. ಕೆಳಗಿನ ಕಮಲದಡಿ ಒಂದು ಉಬ್ಬು ಚುಕ್ಕಿ ಇದ್ದರೆ ಮುಂಬಯಿ, ಇಲ್ಲದಿದ್ದರೆ ಕಲ್ಕತ್ತ. 1918ರ ಮಟ್ಟಿಗೆ ಚುಕ್ಕಿಯಿಂದ ಬೆಲೆ ಹೆಚ್ಚೇನೂ ಬದಲಾಗದು, ಆದರೆ ಕಣ್ಣು ಪಳಗುತ್ತದೆ.

6. ಸಾಮಾನ್ಯ ಇಸವಿಯ ನಾಣ್ಯಕ್ಕೆ ಬೆಳ್ಳಿಯ ಮೇಲೆ ಸಿಗುವ ಬೆಲೆಯೆಲ್ಲ ಅದರ ಸ್ಥಿತಿಗೆ. ನಾಣ್ಯವನ್ನು ದೀಪದಡಿ ಓರೆಯಾಗಿ ಹಿಡಿದು ತಿರುಗಿಸಿ. ಕಿರೀಟದ ಹರಳು, ಹುಬ್ಬು, ಗಡ್ಡದ ಎಳೆ, ಎದೆಯ ಮೇಲಿನ ಪುಟ್ಟ ಆನೆ: ಮೊದಲು ಸವೆಯುವುದು ಈ ಉಬ್ಬುಗಳೇ. ಆನೆಯ ಸೊಂಡಿಲೂ ಕಾಲುಗಳೂ ಬಿಡಿಬಿಡಿಯಾಗಿ ಕಂಡರೆ ಒಳ್ಳೆಯ ಸ್ಥಿತಿ; ಬರೀ ಗುಬುಟಿನಂತಿದ್ದರೆ ಬೆಳ್ಳಿ ಬೆಲೆಗಿಂತ ತುಸು ಹೆಚ್ಚು ಸಿಕ್ಕರೆ ಸಾಕು. ಚಲಾವಣೆಗೇ ಬರದ ನಾಣ್ಯದಲ್ಲಿ ಬೆಳಕು ಚಕ್ರದಂತೆ ಸುತ್ತುತ್ತದೆ. ಆ ಹೊಳಪನ್ನು ಒಮ್ಮೆ ನೋಡಿದರೆ ಉಜ್ಜಿ ತಂದ ಹೊಳಪಿಗೆ ಮತ್ತೆ ಮರುಳಾಗುವುದಿಲ್ಲ.

7. ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಪೂಜೆಯ ಕುಂಕುಮ ಅಂಟಿದ್ದರೆ ಬಟ್ಟಿ ಇಳಿಸಿದ ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಕಾಲದಿಂದ ಕಟ್ಟಿದ ಬೂದು-ನೀಲಿ ಬಣ್ಣಕ್ಕೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ಉಜ್ಜಿದ ಗೀರು ಮಾತ್ರ ಎಂದಿಗೂ ಹೋಗದು.

8. ಅಂಚು ಪರೀಕ್ಷಿಸಿ. ಕಾಸಿನ ಸರಕ್ಕೋ ಲಂಬಾಣಿ ಒಡವೆಗೋ ಕೊಂಡಿ ಬೆಸೆದು, ಆಮೇಲೆ ಕಿತ್ತು ಅರದಿಂದ ಸವರಿದ ನಾಣ್ಯಗಳು ಬೇಕಾದಷ್ಟಿವೆ. ಅಂಚಿನ ಗೆರೆಗಳು ಒಂದು ಕಡೆ ಅಳಿಸಿದ್ದರೆ ಅದು ಒಡವೆಯಾಗಿದ್ದ ನಾಣ್ಯ. ಅದಕ್ಕೆ ಬೆಳ್ಳಿ ಬೆಲೆಯಷ್ಟೇ.

9. ಅನುಮಾನ ಬಂದರೆ ನೀರಿನ ಪರೀಕ್ಷೆ ಮಾಡಿ. ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿ. ತಕ್ಕಡಿ ಸುಮಾರು 1.13 ಗ್ರಾಂ ತೋರಿಸಬೇಕು. 1.3ರ ಆಸುಪಾಸು ತೋರಿಸಿದರೆ ಒಳಗಿರುವುದು ಅಗ್ಗದ ಲೋಹ. ಸವೆದ ನಾಣ್ಯಕ್ಕಾದರೆ ಅದರ ತೂಕವನ್ನು ತಕ್ಕಡಿ ತೋರಿಸಿದ ಅಂಕಿಯಿಂದ ಭಾಗಿಸಿ, ಉತ್ತರ 10.3ರ ಹತ್ತಿರವಿರಬೇಕು.

10. ಹನುಮಂತ, ರಾಮದರ್ಬಾರ್ ಚಿತ್ರವಿದ್ದು 1818, ಈಸ್ಟ್ ಇಂಡಿಯಾ ಕಂಪನಿ ಎಂದು ಬರೆದಿರುವುದು ನಾಣ್ಯವೇ ಅಲ್ಲ. ಕಂಪನಿ ಅಂಥದ್ದನ್ನು ಟಂಕಿಸಲಿಲ್ಲ. ಅಕ್ಕಿ ಸೆಳೆಯುವ ನಾಣ್ಯ ಎಂದವರ ಮನೆಬಾಗಿಲಿಗೂ ಹೋಗಬೇಡಿ. ರಿಸರ್ವ್ ಬ್ಯಾಂಕ್ ಹೆಸರಲ್ಲಿ ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಕರೆ ಬಂದರೆ ಅದು ವಂಚನೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲವೆಂದು ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

11. ಮಾರುವ ಮುನ್ನ ಇಬ್ಬರು ಮೂವರಲ್ಲಿ ಕೇಳಿ. ಜಾಲತಾಣದಲ್ಲಿ ಯಾರೋ ಹೇಳಿದ ಬೆಲೆ ಬೆಲೆಯಲ್ಲ. ಹರಾಜಿನಲ್ಲಿ ನಿಜಕ್ಕೂ ಮಾರಾಟವಾದದ್ದೇ ಲೆಕ್ಕ. ಸಾಮಾನ್ಯ ನಾಣ್ಯಕ್ಕೆ ವಿದೇಶಿ ಸಂಸ್ಥೆಯ ಪ್ರಮಾಣಪತ್ರ ಮಾಡಿಸಿದರೆ ಶುಲ್ಕವೇ ನಾಣ್ಯವನ್ನು ನುಂಗುತ್ತದೆ. ಹೊರದೇಶದ ನೆಂಟರಿಗೆ ಕಳಿಸುವ ಯೋಚನೆಯಿದ್ದರೆ ನಿಲ್ಲಿಸಿ: 1972ರ ಕಾಯ್ದೆಯಡಿ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ರಫ್ತು ಮಾಡುವಂತಿಲ್ಲ.

12. ಒಂದು ಗುರಿ ಇಟ್ಟುಕೊಳ್ಳಿ. ಐದನೇ ಜಾರ್ಜನ 1912ರಿಂದ 1920ರವರೆಗಿನ ಒಂಬತ್ತು ಇಸವಿ, ಎರಡು ಟಂಕಸಾಲೆ: ಒಟ್ಟು 18 ರೂಪಾಯಿ. ಪಿವಿಸಿ ಇಲ್ಲದ ಕವರು ಬಳಸಿ. ಪಿವಿಸಿ ಬೆಳ್ಳಿಗೆ ಹಸಿರು ಜಿಡ್ಡು ಹತ್ತಿಸುತ್ತದೆ. ಪ್ರತಿ ಕವರಿನ ಮೇಲೂ ಕೊಂಡ ದಿನ, ಕೊಟ್ಟ ಬೆಲೆ, ತೂಕ ಬರೆಯಿರಿ. ಅಜ್ಜಿಯ ಪೆಟ್ಟಿಗೆಯಿಂದ ಬಂದದ್ದಾದರೆ ಅವರ ಹೆಸರನ್ನೂ ಬರೆಯಿರಿ. ಈ ಹದಿನೆಂಟು ಕೂಡುವಷ್ಟರಲ್ಲಿ 1921, 1922ರ ರೂಪಾಯಿಗೆ ಎಷ್ಟು ಕೊಡಬಹುದೆಂದು ನಿಮಗೇ ತಿಳಿದಿರುತ್ತದೆ.