ಲಿನಕ್ಸ್‌ಗೆ ಹೊರಟವರು ಮೊದಲು ವಿಂಡೋಸ್‌ನಲ್ಲೇ ಕೂರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲು ಬೆಂಬಲ ನಿಂತಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡು ಮಾಡಿದರೂ ಅದು ಗಡುವನ್ನು ಮುಂದಕ್ಕೆ ಹಾಕಿದ್ದೇ ಹೊರತು ಪರಿಹಾರವಲ್ಲ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಲ್ಯಾಪ್‌ಟಾಪ್, ಕೀಲಿ ಒಂದೂ ಕಿತ್ತಿಲ್ಲದಿದ್ದರೂ, ಈ ಹೊಸ್ತಿಲು ದಾಟುವುದಿಲ್ಲ. ಹೀಗಾಗಿ ಮೊದಲೆಂದೂ ಲಿನಕ್ಸ್‌ನ ಹೆಸರೆತ್ತದವರೂ ಈಗ ಅದರ ಬಗ್ಗೆ ವಿಚಾರಿಸತೊಡಗಿದ್ದಾರೆ. ಕೇಳುವ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಒಂದೇ: ಲಿನಕ್ಸ್ ಚೆನ್ನಾಗಿದೆಯಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳತಿರುಳು ಲಿನಕ್ಸ್. ಜಗತ್ತಿನ ಅತಿವೇಗದ ಐನೂರು ಸೂಪರ್‌ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಬಿಟ್ಟು ಬೇರೇನೂ ಇಲ್ಲ. ಕೇಳಬೇಕಾದದ್ದು ಬೇರೆ: ನನ್ನ ಯಾವ ಕೆಲಸ ಯಾವ ಸಾಫ್ಟ್‌ವೇರಿಗೆ ಅಂಟಿಕೊಂಡಿದೆ?

ಲಿನಕ್ಸ್ ಹಾಕಿ ಬಿಟ್ಟುಬಂದವರಲ್ಲಿ ಹೆಚ್ಚಿನವರು ಸೋತದ್ದು ಲಿನಕ್ಸ್‌ನ ದೋಷದಿಂದಲ್ಲ, ತಾವು ಹಿಡಿದ ಕ್ರಮದಿಂದ. ಶನಿವಾರ ಸಂಜೆ ವಿಂಡೋಸ್ ಅಳಿಸಿ ಲಿನಕ್ಸ್ ಹಾಕುತ್ತಾರೆ. ಸೋಮವಾರ ಬೆಳಗ್ಗೆ ಕಚೇರಿಯ ವರ್ಡ್ ಫೈಲಿನ ಪುಟಗಳು ಹೆಚ್ಚುಕಡಿಮೆಯಾಗಿ, ಪ್ರಿಂಟರ್ ಮಿಸುಕದೆ, ಮಧ್ಯಾಹ್ನಕ್ಕೆ ವಿಂಡೋಸ್ ವಾಪಸ್. ಅಡಿಪಾಯ, ಗೋಡೆ, ಪಾತ್ರೆಪಗಡ ಎಲ್ಲವೂ ಒಂದೇ ದಿನ ಬದಲಾದರೆ ತೊಂದರೆ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು. ಜರ್ಮನಿಯ ಉತ್ತರದ ರಾಜ್ಯ ಶ್ಲೆಸ್ವಿಗ್-ಹೋಲ್‌ಸ್ಟೈನ್ 2024ರಲ್ಲಿ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ತರಲು ನಿರ್ಧರಿಸಿದಾಗ ಹಿಡಿದ ದಾರಿ ನೋಡುವಂಥದ್ದು. ಮೊದಲು ಕಚೇರಿ ಕೆಲಸದ ಲಿಬ್ರೆ ಆಫೀಸ್, ಅದರ ಬೆನ್ನಿಗೆ ಇಮೇಲ್ ವ್ಯವಸ್ಥೆ. ಲಿನಕ್ಸ್‌ನ ಸರದಿ ಆಮೇಲೆ. ಅದೇ ದೇಶದ ಮ್ಯೂನಿಕ್ ನಗರಪಾಲಿಕೆ ಹತ್ತು ವರ್ಷ ಬೆವರು ಸುರಿಸಿ, 2013ರ ಹೊತ್ತಿಗೆ ಹದಿನೈದು ಸಾವಿರದ ಹತ್ತಿರ ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿದ್ದನ್ನು ಆಕ್ಷೇಪಣೆ ಎತ್ತುವವರು ನೆನಪಿಸುತ್ತಾರೆ. ನೆನಪಿಸುವುದು ಸರಿಯೇ. ಅಲ್ಲಿ ರಾಜಕೀಯವೂ ಇತ್ತು. ಆದರೆ ಎದ್ದ ತಕರಾರುಗಳಲ್ಲಿ ದೊಡ್ಡ ಪಾಲು ವಿಂಡೋಸ್‌ನಲ್ಲಷ್ಟೇ ಓಡುವ ಇಲಾಖಾವಾರು ಸಾಫ್ಟ್‌ವೇರುಗಳದು, ಹೊರಗಿನವರು ಕಳಿಸುವ ಆಫೀಸ್ ಫೈಲುಗಳದು. ಊರಿಗೇ ಬಂದ ಆ ತೊಡಕು ಮನೆಗೂ ಬರುತ್ತದೆ.

ಆದ್ದರಿಂದ ಮೊದಲ ಹೆಜ್ಜೆಗೆ ಬೇಕಾದದ್ದು ಪೆನ್ನು, ಕಾಗದ. ಒಂದು ವಾರ ಕಂಪ್ಯೂಟರಿನಲ್ಲಿ ಏನೇನು ತೆರೆಯುತ್ತೀರೋ ಅದನ್ನು ಬರೆಯುತ್ತ ಹೋಗಿ. ಬ್ರೌಸರ್‌ನೊಳಗೆ ಆಗುವುದೆಲ್ಲ, ಅಂದರೆ ಇಮೇಲ್, ಬ್ಯಾಂಕ್, ಯೂಟ್ಯೂಬ್, ರೈಲು ಟಿಕೆಟ್, ಲಿನಕ್ಸ್‌ನಲ್ಲೂ ಹಾಗೆಯೇ ಆಗುತ್ತದೆ. ಅದನ್ನು ಪಟ್ಟಿಯಿಂದ ಹೊಡೆದುಹಾಕಿ. ಪತ್ರ, ಲೆಕ್ಕದ ಹಾಳೆ, ಫೋಟೊ ತಿದ್ದುವುದು, ಸಿನಿಮಾ ನೋಡುವುದು ಇವಕ್ಕೆ ಬದಲಿ ಉಂಟು. ಉಳಿದ ಮೂರೋ ನಾಲ್ಕೋ ಹೆಸರುಗಳೇ ನಿಮ್ಮ ನಿಜವಾದ ಪ್ರಶ್ನೆಪತ್ರಿಕೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಅದು ವಿಂಡೋಸ್‌ನದೇ ಸಾಫ್ಟ್‌ವೇರ್. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ, ಕರಪತ್ರ ಕಟ್ಟುವ ಡಿಟಿಪಿ ಅಂಗಡಿಯವರ ಬಂಡವಾಳವೇ ಹಳೆಯ ಫೈಲುಗಳು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದು ಲಿನಕ್ಸ್‌ನಲ್ಲೂ ನಡೆದೀತೆಂದು ಊಹೆಯ ಮೇಲೆ ಹೊರಡಬಾರದು. ವೈನ್ ಎಂಬ ಸಾಫ್ಟ್‌ವೇರ್ ಲಿನಕ್ಸ್‌ನ ಮೇಲೆ ಕೆಲವು ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸುತ್ತದೆ, ನಿಜ; ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸುವುದು ಜಾಣತನವಲ್ಲ. ಇಂಥ ಒಂದು ಸಾಫ್ಟ್‌ವೇರ್ ನಿಮ್ಮ ದಿನದ ಅರ್ಧ ತಿನ್ನುತ್ತಿದ್ದರೆ ಆ ಯಂತ್ರದಲ್ಲಿ ವಿಂಡೋಸ್ ಇರಲಿ. ಲಿನಕ್ಸ್ ಪರವಾಗಿ ಮಾತಾಡುವವರು ಇದನ್ನು ಒಪ್ಪಿಕೊಳ್ಳಲು ಹಿಂಜರಿಯುವುದೇಕೋ ತಿಳಿಯದು.

ಎರಡನೆಯ ಹೆಜ್ಜೆ, ಈಗಿರುವ ವಿಂಡೋಸ್‌ನಲ್ಲೇ ಮುಕ್ತ ತಂತ್ರಾಂಶಗಳನ್ನು ಹಾಕಿಕೊಂಡು ಎರಡು ವಾರ ಅವುಗಳಲ್ಲೇ ಕೆಲಸ ಮಾಡುವುದು. ಫೈರ್‌ಫಾಕ್ಸ್, ವಿಎಲ್‌ಸಿ, ಇಮೇಲಿಗೆ ಥಂಡರ್‌ಬರ್ಡ್, ಚಿತ್ರಕ್ಕೆ ಗಿಂಪ್ ಮತ್ತು ಇಂಕ್‌ಸ್ಕೇಪ್, ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್: ಇವೆಲ್ಲ ಎರಡೂ ಕಡೆ ಓಡುತ್ತವೆ. ಪರೀಕ್ಷೆಯ ತೂಕವೆಲ್ಲ ಲಿಬ್ರೆ ಆಫೀಸ್‌ನ ಮೇಲೆ. ವರ್ಡ್ ಫೈಲು ಅದರಲ್ಲಿ ಕೆಡುತ್ತದೆ ಎನ್ನುವ ದೂರಿನ ಮೂಲ ಬಹಳ ಸಲ ಫಾಂಟ್. ಕ್ಯಾಲಿಬ್ರಿ, ಕ್ಯಾಂಬ್ರಿಯಾ ಮೈಕ್ರೋಸಾಫ್ಟ್‌ನ ಸ್ವತ್ತು. ಅವು ಇಲ್ಲದ ಕಡೆ ಬೇರೆ ಅಗಲದ ಅಕ್ಷರ ಬಂದು ಕೂತರೆ ಸಾಲು ಮುರಿಯುವ ಜಾಗ ಬದಲಾಗಿ, ಮೂರು ಪುಟದ ಅರ್ಜಿ ನಾಲ್ಕನೆಯ ಪುಟಕ್ಕೆ ಎರಡು ಸಾಲು ಚೆಲ್ಲುತ್ತದೆ. ಕಾರ್ಲಿಟೊ, ಕ್ಯಾಲಡಿಯಾ ಎಂಬ ಉಚಿತ ಫಾಂಟುಗಳನ್ನು ಅಕ್ಷರದ ಅಗಲ ಅವಕ್ಕೇ ಸರಿಹೊಂದುವಂತೆ ಮಾಡಿದ್ದಾರೆ. ಅವಿದ್ದರೆ ಈ ಚೆಲ್ಲಾಟ ಬಹುತೇಕ ನಿಲ್ಲುತ್ತದೆ. ಸೆಟ್ಟಿಂಗಿನಲ್ಲಿ ಫೈಲು ಯಾವಾಗಲೂ ವರ್ಡ್ ಮಾದರಿಯಲ್ಲೇ ಉಳಿಯುವಂತೆ ಗುರುತಿಡಿ. ತಿದ್ದಬೇಕಿಲ್ಲದವರಿಗೆ ಪಿಡಿಎಫ್ ಮಾಡಿ ಕಳಿಸಿ. ಎಕ್ಸೆಲ್‌ನ ಮ್ಯಾಕ್ರೊಗಳ ಮಾತು ಬೇರೆ. ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ನಿಮ್ಮ ಫೈಲನ್ನೇ ತೆರೆದು ನೋಡದೆ ಯಾರೂ ಭರವಸೆ ಕೊಡಲಾರರು. ಈ ಎರಡು ವಾರ ದಾಟದವರು ಲಿನಕ್ಸ್‌ಗೆ ಹೋಗುವ ಅಗತ್ಯವಿಲ್ಲ, ನಷ್ಟವೂ ಇಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೇ ಇನ್ನೊಂದು ಗಂಟಿದೆ, ಅದನ್ನು ಬಿಚ್ಚಲು ವಿಂಡೋಸ್ ಇರುವಾಗಲೇ ಕೂರಬೇಕು. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿಟ್ಟ ಎಷ್ಟೋ ಫೈಲುಗಳೊಳಗೆ ಇರುವುದು ಕನ್ನಡವೇ ಅಲ್ಲ. ಅವು ಲ್ಯಾಟಿನ್ ಲಿಪಿಯ ಸಂಕೇತಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ, ತಲೆಯ ಮೇಲೆ ಸೊಟ್ಟ ಗೆರೆಗಳಿರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಜನ ಅದನ್ನು ನೋಡಿ ಲಿನಕ್ಸ್‌ಗೆ ಕನ್ನಡ ಬರುವುದಿಲ್ಲ ಎನ್ನುತ್ತಾರೆ. ಅದೇ ಫೈಲನ್ನು ಫೋನಿನಲ್ಲಿ ತೆರೆದರೂ ಅದೇ ಗತಿ. ಮದ್ದು ಒಂದೇ, ಪರಿವರ್ತಕ ಬಳಸಿ ಹಳೆಯ ಫೈಲುಗಳನ್ನು ಯುನಿಕೋಡ್‌ಗೆ ತಂದಿಡುವುದು. ತಂದಮೇಲೆ ಒಂದು ಸಲ ಕಣ್ಣಾಡಿಸಿ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಪರಿವರ್ತಕಗಳು ಆಗಾಗ ಎಡವುತ್ತವೆ. ಟೈಪಿಂಗ್‌ನ ಚಿಂತೆ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸದ ಆಧಾರದ ಮೇಲೆ ಬಂದ, ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ ಕಗಪ ಎನಿಸಿಕೊಂಡ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಒತ್ತುವ ಬೆರಳಿನ ರೂಢಿ ಅಲ್ಲಿಯೂ ಕೆಡುವುದಿಲ್ಲ.

ಮೂರನೆಯ ಹೆಜ್ಜೆಗೆ, ಅಂದರೆ ಲಿನಕ್ಸನ್ನೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡುವುದಕ್ಕೆ, ಬರುವಾಗ ಎಷ್ಟೊಂದು ಬಗೆಯ ಲಿನಕ್ಸ್ ಇವೆಯಲ್ಲ ಎಂದು ಕಂಗೆಡುವುದುಂಟು. ಹೊಸಬರಿಗೆ ಲಿನಕ್ಸ್ ಮಿಂಟ್ ಸಾಕು; ಇದು ನನ್ನ ತೀರ್ಪು, ಉಬುಂಟು ಎನ್ನುವವರೊಡನೆ ಜಗಳವಿಲ್ಲ. ಮಿಂಟ್‌ನ ಮೆನು ಹಳೆಯ ವಿಂಡೋಸ್‌ನ ಹಾಗೆ ಎಡಗಡೆಯ ಕೆಳಮೂಲೆಯಲ್ಲಿದೆ, ಅದರ 22ನೆಯ ಸರಣಿಗೆ 2029ರವರೆಗೆ ಅಪ್‌ಡೇಟ್ ಉಂಟು. ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆಂದು ಅವರು ಹೇಳಿಕೊಂಡರೂ ಇಂದಿನ ಬ್ರೌಸರುಗಳ ಹಸಿವಿಗೆ 4 ಜಿಬಿ ಇರಲೇಬೇಕು. ಅಷ್ಟೇ ಇದ್ದರೆ ಮಿಂಟ್‌ನ ಸಿನಮನ್ ಆವೃತ್ತಿಯ ಬದಲು ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ. ಅಧಿಕೃತ ತಾಣದಿಂದ ಸುಮಾರು 3 ಜಿಬಿಯ ಐಎಸ್ಒ ಫೈಲು ಬರುತ್ತದೆ. ಅದನ್ನು 8 ಜಿಬಿಯ ಪೆನ್‌ಡ್ರೈವ್‌ಗೆ ಬರಿದೇ ಕಾಪಿ ಮಾಡಿದರೆ ಆಗದು. ರುಫಸ್ ಅಥವಾ ಎಚರ್ ಎಂಬ ಸಾಫ್ಟ್‌ವೇರಿನಿಂದ ಬರೆಯಬೇಕು, ಪೆನ್‌ಡ್ರೈವ್‌ನಲ್ಲಿದ್ದ ಹಳೆಯದೆಲ್ಲ ಅಳಿಯುತ್ತದೆ. ಕಂಪ್ಯೂಟರ್ ಆರಿಸಿ, ಪೆನ್‌ಡ್ರೈವ್ ಚುಚ್ಚಿ, ಹೊತ್ತಿಸಿದ ಕೂಡಲೇ ಬೂಟ್ ಮೆನುವಿನ ಕೀಲಿ ಒತ್ತುತ್ತಿರಿ: ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಸೆಕ್ಯೂರ್ ಬೂಟ್ ಆಫ್ ಮಾಡಬೇಕೆಂಬ ಹಳೆಯ ಸಲಹೆ ಮಿಂಟ್, ಉಬುಂಟುಗಳಿಗೆ ಸಾಧಾರಣವಾಗಿ ಬೇಕಿಲ್ಲ. ಕೆಲವು ನಿಮಿಷದಲ್ಲಿ ಪೂರ್ತಿ ಲಿನಕ್ಸ್ ಪರದೆಯ ಮೇಲಿರುತ್ತದೆ, ಹಾರ್ಡ್‌ಡಿಸ್ಕಿನ ಒಂದಕ್ಷರವೂ ಅಲುಗಿರುವುದಿಲ್ಲ. ಇದಕ್ಕೆ ಲೈವ್ ಎಂದು ಹೆಸರು.

ಲೈವ್‌ನಲ್ಲಿ ವೇಗ ಅಳೆಯಬೇಡಿ. ಪೆನ್‌ಡ್ರೈವ್‌ನಿಂದ ಓದುವುದರಿಂದ ಅದು ನಿಧಾನವೇ. ಅಳೆಯಬೇಕಾದದ್ದು ಯಂತ್ರಾಂಶ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ಬೆಳಕು ಏರಿಳಿಸುವ ಕೀಲಿ ಕೇಳುತ್ತದೆಯೇ ನೋಡಿ. ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ. ನಿದ್ದೆಯಿಂದ ಏಳದ ಲ್ಯಾಪ್‌ಟಾಪ್‌ಗಳು ಸಿಕ್ಕಿಬೀಳುವುದು ಇಲ್ಲಿ. ಪ್ರಿಂಟರ್ ಜೋಡಿಸಿ ಒಂದು ಹಾಳೆ ತೆಗೆಯದೆ ಮುಂದೆ ಹೋಗಲೇಬೇಡಿ. ಎಚ್‌ಪಿಯ ಹೆಚ್ಚಿನ ಪ್ರಿಂಟರುಗಳು, ಇತ್ತೀಚಿನ ವೈಫೈ ಪ್ರಿಂಟರುಗಳು ತಾವಾಗಿ ಕಾಣಿಸಿಕೊಳ್ಳುತ್ತವೆ. ನಮ್ಮ ಅಂಗಡಿ, ಕಚೇರಿಗಳ ಮೇಜುಗಳ ಮೇಲೆ ವರ್ಷಗಟ್ಟಲೆ ದುಡಿದ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತನ್ನದೇ ಭಾಷೆ ಮಾತಾಡುತ್ತದೆ. ಅದನ್ನು ಲಿನಕ್ಸ್‌ನಲ್ಲಿ ನಡೆಸಲು ಪಟ್ಟು ಹಿಡಿದು ಕೂರಬೇಕು. ಲೈವ್‌ನಲ್ಲಿ ಉಳಿಸಿದ್ದೇನೂ ಮರುದಿನ ಇರುವುದಿಲ್ಲ ಎಂಬುದೂ ನೆನಪಿರಲಿ. ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿ ನೋಡಬಹುದಲ್ಲ ಎಂದರೆ ನೋಡಬಹುದು, ಆದರೆ ಅದು ಯಂತ್ರಾಂಶದ ಬಗ್ಗೆ ಏನೂ ಹೇಳದು, 4 ಜಿಬಿಯ ಯಂತ್ರಕ್ಕೆ ಏದುಸಿರು ಬೇರೆ.

ಇಷ್ಟಾದ ಮೇಲೂ ನಿಲ್ಲುವ ಗಟ್ಟಿ ಆಕ್ಷೇಪಣೆ ಒಂದಿದೆ: ಕೆಟ್ಟರೆ ರಿಪೇರಿ ಮಾಡುವವರಾರು? ಬೀದಿ ಕೊನೆಯ ಕಂಪ್ಯೂಟರ್ ಅಂಗಡಿಯವನಿಗೆ ಗೊತ್ತಿರುವುದು ವಿಂಡೋಸ್. ಲಿನಕ್ಸ್ ಎಂದರೆ ಆತ ಎಲ್ಲ ಅಳಿಸಿ ವಿಂಡೋಸ್ ಹಾಕಿಕೊಡುತ್ತಾನೆ. ಮಾತು ನಿಜ. ಆದರೆ ಆ ಅಂಗಡಿಯಲ್ಲಿ ಹಾಕಿಕೊಡುವ ವಿಂಡೋಸ್ ಎಷ್ಟೋ ಸಲ ಕ್ರ್ಯಾಕ್ ಮಾಡಿದ್ದು, ಅಪ್‌ಡೇಟ್ ನಿಲ್ಲಿಸಿಟ್ಟದ್ದು. ಹೋಲಿಕೆ ನಡೆಯಬೇಕಾದದ್ದು ಕಂಪನಿಯ ಬೆಂಬಲಕ್ಕೂ ಲಿನಕ್ಸ್‌ಗೂ ಅಲ್ಲ, ಬೆಂಬಲವೇ ಇಲ್ಲದ ಆ ನಕಲಿಗೂ ಲಿನಕ್ಸ್‌ಗೂ. ಕೇರಳದ ಶಾಲೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಲಿನಕ್ಸ್‌ನಲ್ಲಿ ಓಡುತ್ತಿರುವುದಕ್ಕೆ ಕಾರಣ, ಅಲ್ಲಿ ತಂತ್ರಾಂಶದ ಜೊತೆಗೇ ಶಿಕ್ಷಕರಿಗೆ ತರಬೇತಿ ಕೊಟ್ಟದ್ದು. ಮನೆಯಲ್ಲಿ ಅಂಥ ಏರ್ಪಾಡಿಲ್ಲ. ಅದಕ್ಕೇ ಹಿಂದಿರುಗುವ ದಾರಿ ತೆರೆದಿಟ್ಟುಕೊಂಡು ಹೋಗಬೇಕು ಎನ್ನುವುದು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಬೇಕೆಂಬ ಭಯಕ್ಕೆ ಇಷ್ಟು ಉದ್ದ ಉತ್ತರ ಬೇಡ: ಬ್ರೌಸರ್, ಪತ್ರ, ಸಿನಿಮಾಗಳಿಗೆ ಅದು ಬೇಕಿಲ್ಲ.

ಹಿಂದಿರುಗುವ ದಾರಿ ಇಡುವ ಅತ್ಯುತ್ತಮ ಉಪಾಯ, ಲ್ಯಾಪ್‌ಟಾಪಿನ ಹಳೆಯ ಹಾರ್ಡ್‌ಡಿಸ್ಕನ್ನು ವಿಂಡೋಸ್ ಸಮೇತ ಬಿಚ್ಚಿ ಬೀರುವಿನಲ್ಲಿಟ್ಟು, ಹೊಸ ಎಸ್‌ಎಸ್‌ಡಿಯ ಮೇಲೆ ಲಿನಕ್ಸ್ ಹಾಕುವುದು. ಬೇಡವೆನಿಸಿದರೆ ಎರಡು ಸ್ಕ್ರೂ ತಿರುಗಿಸಿದರಾಯಿತು. ಹಳೆಯ ಯಂತ್ರ ಚುರುಕಾಗುವುದೂ ಲಿನಕ್ಸ್‌ಗಿಂತ ಹೆಚ್ಚಾಗಿ ಆ ಎಸ್‌ಎಸ್‌ಡಿಯಿಂದ. ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಡುವವರು ಮೊದಲು ಫೋಟೊ, ಕಾಗದಪತ್ರಗಳನ್ನು ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡಲಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಲಿ. ಕೇಳಿದಾಗ ಅದಿಲ್ಲದಿದ್ದರೆ ವಿಂಡೋಸ್ ಬಾಗಿಲು ತೆಗೆಯದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲವಾದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿದ್ದು, ಆ ಭಾಗಕ್ಕೆ ಲಿನಕ್ಸ್ ಬರೆಯಲಾಗದು. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ 50ರಿಂದ 100 ಜಿಬಿ ಜಾಗ ಕುಗ್ಗಿಸಿ ಬಿಡಿಸಿಕೊಳ್ಳಿ. ಲೈವ್ ಪರದೆಯ ಮೇಲಿನ ಇನ್‌ಸ್ಟಾಲ್ ಗುರುತು ಒತ್ತಿದಾಗ ಬರುವ ಪ್ರಶ್ನೆಗಳಲ್ಲಿ ಒಂದೇ ಒಂದು ಅಪಾಯಕಾರಿ: ವಿಂಡೋಸ್ ಪಕ್ಕದಲ್ಲಿ ಹಾಕಲೋ, ಡಿಸ್ಕ್ ಪೂರ್ತಿ ಅಳಿಸಿ ಹಾಕಲೋ? ಪಕ್ಕದಲ್ಲಿ ಹಾಕುವ ಆಯ್ಕೆ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊರಬನ್ನಿ.

ಹಾಕಿದ ದಿನ ಮಾಡಬೇಕಾದದ್ದು ಕಡಿಮೆ. ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ತರಿಸಿ. ವೈಫೈ ಸತಾಯಿಸಿದರೆ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ನೆಟ್ ಪಡೆದು ಡ್ರೈವರ್ ಮ್ಯಾನೇಜರ್ ಓಡಿಸಿ. ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ನಾಳೆ ಏನಾದರೂ ಎಡವಟ್ಟಾದರೆ ವ್ಯವಸ್ಥೆ ಇಂದಿನ ಸ್ಥಿತಿಗೆ ಮರಳುತ್ತದೆ, ಆದರೆ ನಿಮ್ಮ ಫೋಟೊಗಳ ಬ್ಯಾಕಪ್ ಅದಲ್ಲ. ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕಗಪ ಸೇರಿಸಿ. ನುಡಿಗೆ ಇನ್ನೂ ಹತ್ತಿರದ ಅನುಭವ ಬೇಕೆಂದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಮತ್ತು ಅದರ ಎಂ17ಎನ್ ಪೊಟ್ಟಣ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬಂದು ಕೆಜಿಪಿ ಎಂಬುದನ್ನು ಸೇರಿಸಿಕೊಳ್ಳಿ. ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಂಡವರು ಟ್ಯಾಲಿಗೆಂದು ವಿಂಡೋಸ್‌ಗೆ ಹೋದ ದಿನ ಗಡಿಯಾರ ಐದೂವರೆ ಗಂಟೆ ಹಿಂದಿರುವುದನ್ನು ಕಂಡು ಗಾಬರಿಯಾಗಬಹುದು. ಏನೂ ಕೆಟ್ಟಿಲ್ಲ: ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಸಮಯಕ್ಕೆ ತಿರುಗಿಸಿರುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ವಿಂಡೋಸ್‌ನ ಸಮಯದ ಸೆಟ್ಟಿಂಗ್‌ಗೆ ಹೋಗಿ ಸಿಂಕ್ ನೌ ಒತ್ತಿ.